ಚುಕ್ಕೆ ಮಾತ್ರ ಚೆನ್ನಾಗಿದೆ

ಮೊದಲು ಆ ಸೋಫಾ ವಿಷಯ ಹೇಳಿಬಿಡುತ್ತೇನೆ.

ನಾವಿರುವುದು ತೈವಾನಿನ ಶಿಂಚು ಊರಿನಲ್ಲಿ. ನಮ್ಮ ಮನೆಯವರಿಗೆ ಇಲ್ಲಿ ಚಿಪ್ ಕಂಪನಿಯಲ್ಲಿ ಕೆಲಸ. ಈ ಊರಿಗೆ ಗಾಳಿ ಊರು ಅಂತಲೇ ಹೆಸರು. ಚಳಿಗಾಲದ ಗಾಳಿಗೆ ಇಲ್ಲಿ ಅಕ್ಕಿ ಶಾವಿಗೆ ಒಣಗಿಸುತ್ತಾರೆ, ಆ ಶಾವಿಗೆ ಇಡೀ ತೈವಾನಿಗೆ ಪ್ರಸಿದ್ಧ. ಅಂಥ ಊರಿನಲ್ಲಿ ನಾನು ಕಿಟಕಿ ತೆರೆದು, ತೆಳ್ಳನೆ ಕಾಗದ ಹಾಸಿ, ಪಕ್ಕದಲ್ಲಿ ಮಸಿ ಬಟ್ಟಲು ಇಟ್ಟುಕೊಂಡು ಚೀನೀ ಅಕ್ಷರ ತಿದ್ದಲು ಕೂತೆ.

ಕಾಗದ ಹಾರಿತು. ಹಿಡಿಯಲು ಹೋದೆ. ಮೊಣಕೈ ಬಟ್ಟಲಿಗೆ ತಗುಲಿತು. ಬಟ್ಟಲು ಸೋಫಾ ಮೇಲೆ ಬಿತ್ತು. ಸೋಫಾ ಬಿಳಿ. ಸೋಫಾ ಮನೆ ಮಾಲೀಕರದು.

ಚೀನೀ ಮಸಿ ಅಂದರೆ ಹೊಗೆಯ ಕಪ್ಪು ಮತ್ತು ಅಂಟು. ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ಬಟ್ಟಲು ಕವುಚಿ ಕಾಡಿಗೆ ಮಾಡುತ್ತಿದ್ದರಲ್ಲ, ಅದೇ ಜಾತಿ. ಸಾವಿರ ವರ್ಷದ ಹಿಂದಿನ ಬರಹ ಈಗಲೂ ಕಪ್ಪಗೇ ಇರುವುದು ಇದರಿಂದ ಅಂತ ನಮ್ಮ ಗುರುಗಳು ಹೆಮ್ಮೆಯಿಂದ ಹೇಳಿದ್ದರು. ಸೋಪಿನ ನೀರು ಹಾಕಿ ತಿಕ್ಕುವಾಗ ಅದು ನೆನಪಾಯಿತು. "ರೀ, ಇದು ಸಾವಿರ ವರ್ಷ ಇರುತ್ತಂತೆ" ಅಂದೆ. ಅವರು ಮಾತಾಡಲಿಲ್ಲ. ಮರುವಾರ ಮನೆಗೆ ಒಂದು ಟ್ಯಾಬ್ಲೆಟ್ಟು, ಅದರ ಜೊತೆಗೊಂದು ಪೆನ್ನು ಬಂದವು. "ಇದರಲ್ಲಿ ಮಸಿ ಇಲ್ಲ" ಅಂದರು. ಅಷ್ಟೇ.

ನಮ್ಮ ಗುರುಗಳಿಗೆ 78 ವರ್ಷ. ಪ್ರೈಮರಿ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಎಲ್ಲರೂ ಅವರನ್ನು ‘ಲಾವ್‌ಷಿ’ ಅನ್ನುತ್ತಾರೆ, ಅಂದರೆ ಮೇಷ್ಟ್ರೇ. ಶನಿವಾರದ ಅವರ ತರಗತಿಯಲ್ಲಿ ನಾನೊಬ್ಬಳೇ ಕೂದಲು ಕಪ್ಪಗಿರುವವಳು. ಅದೂ ಡೈ.

ಮೊದಲ ಪಾಠ ‘ಯೊಂಗ್’ ಎಂಬ ಅಕ್ಷರ. ಮುಖ್ಯವಾದ ಎಂಟು ಬಗೆಯ ಗೀಟುಗಳೂ ಈ ಒಂದರಲ್ಲೇ ಇವೆ ಅಂತ ಕಲಿಯುವವರೆಲ್ಲ ಇದನ್ನು ತಿದ್ದುತ್ತಾರೆ. ಅರ್ಥ ‘ಶಾಶ್ವತ’. ನಾನು ಏಳು ತಿಂಗಳಿಂದ ಇದನ್ನೇ ಬರೆಯುತ್ತಿದ್ದೇನೆ, ಅರ್ಥ ಸರಿಯಾಗಿಯೇ ಇದೆ. ಎಂಟರಲ್ಲಿ ಮೊದಲನೆಯದು ಚುಕ್ಕೆ. ಚುಕ್ಕೆ ತಾನೇ, ಅಂತ ನೀವು ಅಂದುಕೊಂಡಿರಿ. ನಾನೂ ಅಂದುಕೊಂಡಿದ್ದೆ. ಕುಂಚ ಎಡಗಡೆ ಮೇಲಿನಿಂದ ಬಂದು ಕೂರಬೇಕು, ಒತ್ತಬೇಕು, ಒಳಗೇ ತಿರುಗಬೇಕು, ಮೆಲ್ಲಗೆ ಏಳಬೇಕು. ಎತ್ತರದ ಬೆಟ್ಟದಿಂದ ಕಲ್ಲು ಉರುಳಿ ಬಿದ್ದ ಹಾಗಿರಬೇಕು ಅಂತ ಹಳೆಯ ಮಾತಿದೆ. ನಾಲ್ಕನೇ ಶತಮಾನದ ಮಹಾನ್ ಬರಹಗಾರ ವಾಂಗ್ ಶೀಚರಿಗೆ ಅಕ್ಷರ ಕಲಿಸಿದ ವೆಯ್ ಎಂಬ ಅಮ್ಮನವರ ಹೆಸರಿನಲ್ಲಿ ಅದನ್ನು ಹೇಳುತ್ತಾರೆ. ನನ್ನ ಚುಕ್ಕೆಗಳು ಒಂದು ಜೀರಿಗೆ ಹಾಗೆ, ಇನ್ನೊಂದು ಮೆಣಸಿನಕಾಳಿನ ಹಾಗೆ, ಮತ್ತೊಂದು ತುಳಿದ ಇರುವೆ ಹಾಗೆ ಬರುತ್ತಿದ್ದವು. ಬೆಟ್ಟದಿಂದ ಯಾವುದೂ ಬೀಳಲಿಲ್ಲ. ಗುರುಗಳು ಚೆನ್ನಾಗಿ ಬಂದ ಗೀಟಿಗೆ ಕೆಂಪು ಮಸಿಯಲ್ಲಿ ಸುತ್ತು ಹಾಕುತ್ತಾರೆ. ನನ್ನ ಹಾಳೆ ಹೋದ ಹಾಗೇ ವಾಪಸ್ ಬರುತ್ತಿತ್ತು.

ಕೊನೆಯ ಗೀಟಿನ ಹೆಸರು ‘ನಾ’. ಬಲಕ್ಕೆ ಇಳಿದು ಪಾದ ಊರುವ ಗೀಟು. ಗುರುಗಳು ನನ್ನ ಹಾಳೆ ನೋಡಿ "ನಾ... ಬೂ ದ್ವೆ" ಅನ್ನುತ್ತಿದ್ದರು, ‘ನಾ’ ಸರಿಯಿಲ್ಲ ಅಂತ. ಅಷ್ಟು ವಯಸ್ಸಾದವರು ಪ್ರತಿ ಶನಿವಾರ "ನಾ ಸರಿಯಿಲ್ಲ, ನಾ ಸರಿಯಿಲ್ಲ" ಅಂತ ತಲೆ ಆಡಿಸುವುದು ಕೇಳಿದರೆ ಕನ್ನಡದ ಕಿವಿಗೆ ಸಂಕಟವಾಗುತ್ತದೆ.

ಇನ್ನು ಅಡ್ಡಗೀಟು. ನನ್ನ ಕೈ ಕನ್ನಡದ ಕೈ. ತಾಳೆಗರಿಯಲ್ಲಿ ನೇರ ಗೀಟು ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ದುಂಡಗಾದವು ಅನ್ನುತ್ತಾರೆ. ಗರಿ ಹೋಯಿತು, ದುಂಡು ಹೋಗಲಿಲ್ಲ. ನಾನು ಎಳೆದ ಅಡ್ಡಗೀಟಿನ ತುದಿ ತಾನಾಗೇ ಮೇಲೆದ್ದು ಸುರುಳಿಯಾಗುತ್ತಿತ್ತು. "ಏನಮ್ಮ ಇದು?" ಅಂತ ಗುರುಗಳು ಕೇಳಿದರು. ತಲೆಕಟ್ಟನ್ನು ಚೀನೀ ಭಾಷೆಯಲ್ಲಿ ವಿವರಿಸುವಷ್ಟು ನನಗೆ ಬರುವುದಿಲ್ಲ.

ಇವರು ತಿದ್ದುವುದಕ್ಕೆ ಒಂದು ಚೌಕ ಇದೆ. ಒಳಗೆ ಅಡ್ಡ, ಉದ್ದ, ಎರಡು ಓರೆ ಗೀಟು. ನನಗೆ ಚೌಕಾಬಾರದ ಮನೆ ಕಂಡ ಹಾಗಾಯಿತು. ಆ ಗೀಟುಗಳು ಸೇರಿ ‘ಅಕ್ಕಿ’ ಎಂಬ ಅಕ್ಷರದ ಹಾಗೆ ಕಾಣುವುದರಿಂದ ಅದಕ್ಕೆ ಅಕ್ಕಿ ಚೌಕ ಅಂತಲೇ ಹೆಸರು. ಮೂರನೇ ವರ್ಷದಲ್ಲಿ ತಟ್ಟೆಯ ಅಕ್ಕಿ ಮೇಲೆ ಅ ಬರೆದವಳು ನಲವತ್ತಮೂರಕ್ಕೆ ಮತ್ತೆ ಅಕ್ಕಿಗೇ ಬಂದು ನಿಂತೆ.

ಟ್ಯಾಬ್ಲೆಟ್ಟಿನಲ್ಲಿ ಮಾತ್ರ ನಾನು ಮಹಾ ಬರಹಗಾರ್ತಿ. ಅದರಲ್ಲಿ ನಡುಗುವ ಗೀಟನ್ನು ನಯ ಮಾಡುವ ಸೌಲಭ್ಯವಿದೆ. ನೂರಕ್ಕೆ ನೂರು ಇಟ್ಟೆ. ಕೈ ಬಸ್ಸಿನಲ್ಲಿ ಕೂತವರ ಹಾಗೆ ಅಲುಗಾಡಿದರೂ ಗೀಟು ಬೆಣ್ಣೆಯಂತೆ ಬರುತ್ತದೆ. ಕುಂಚವನ್ನೂ ಆರಿಸಿಕೊಳ್ಳಬಹುದು: ಮೇಕೆ ಕೂದಲು, ತೋಳದ ಕೂದಲು. (ತೋಳ ಬರೀ ಹೆಸರಿಗೆ. ನಿಜವಾದ ಕುಂಚದಲ್ಲಿರುವುದು ಮುಂಗುಸಿಯಂಥ ಒಂದು ಪ್ರಾಣಿಯ ಬಾಲದ ಕೂದಲು.) ಒತ್ತಿದ ಹಾಗೆ ಗೀಟು ದಪ್ಪ ಆಗುತ್ತದೆ. ಪೆನ್ನು 4096 ಹಂತದ ಒತ್ತಡ ಗುರುತಿಸುತ್ತದೆ ಅಂತ ಡಬ್ಬಿ ಮೇಲೆ ಬರೆದಿತ್ತು. ನನ್ನ ಕೈಗೆ ಗೊತ್ತಿರುವುದು ಎರಡು: ಒತ್ತುವುದು, ಜಾಸ್ತಿ ಒತ್ತುವುದು. ಮೂರು ತಿಂಗಳಲ್ಲಿ ಪೆನ್ನಿನ ಮೂರು ಮೊನೆ ಸವೆದವು.

ಎಲ್ಲಕ್ಕಿಂತ ರುಚಿ ಹತ್ತಿದ್ದು ಅನ್‌ಡೂ. ಎಡಗೈಯ ಎರಡು ಬೆರಳಿಂದ ಪರದೆ ತಟ್ಟಿದರೆ ಹಿಂದಿನ ಗೀಟು ಮಾಯ. ಸ್ಲೇಟಿನಲ್ಲಿ ಬಳಪದಿಂದ ಬರೆದು ಎಂಜಲು ಹಚ್ಚಿ ಒರೆಸುತ್ತಿದ್ದೆವಲ್ಲ, ಅದೇ, ಎಂಜಲಿಲ್ಲದೆ. ಒಂದು ಚುಕ್ಕೆಗೆ ಇಪ್ಪತ್ತು ಸಲ ತಟ್ಟುತ್ತಿದ್ದೆ. ಒಮ್ಮೆ ಎಂಟನೆಯ ಗೀಟು ಎಳೆಯುವಾಗಲೇ ಅಮ್ಮನ ವಿಡಿಯೋ ಕಾಲ್ ಮೇಲಿನಿಂದ ಇಳಿಯಿತು, ಪೆನ್ನು ಅದನ್ನೇ ಒತ್ತಿತು. "ಏನೇ, ಅಷ್ಟು ಹತ್ತಿರ ಬಂದು ಮೂತಿ ತಿರುಗಿಸ್ತಿದೀಯ?" ಅಂದಳು ಅಮ್ಮ. ‘ನಾ’ ಬರೆಯುವಾಗ ನನ್ನ ಮೂತಿಯೂ ಬಲಕ್ಕೆ ಹೋಗುತ್ತದೆ ಅಂತ ಗೊತ್ತಾಗಿದ್ದು ಅವತ್ತೇ.

ಮುಂದಿನ ಶನಿವಾರ ತರಗತಿಯಲ್ಲಿ ನಿಜವಾದ ಕುಂಚ, ನಿಜವಾದ ಕಾಗದ. ಚುಕ್ಕೆ ಕೆಟ್ಟಿತು. ನನ್ನ ಎಡಗೈ ತಾನಾಗೇ ಬಂದು ಕಾಗದವನ್ನು ಎರಡು ಬೆರಳಿಂದ ತಟ್ಟಿತು. ಏನೂ ಆಗಲಿಲ್ಲ. ಮತ್ತೆ ತಟ್ಟಿದೆ. ಬೆರಳಿಗೆ ಮಸಿ, ಕಾಗದದ ಮೇಲೆ ಹೊಸದಾಗಿ ಎರಡು ಚುಕ್ಕೆ. ಪಕ್ಕದ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ನಮ್ಮ ಕಡೆಯ ಶಾಸ್ತ್ರ ಏನೋ ಇರಬೇಕು ಅಂದುಕೊಂಡರೋ ಏನೋ, ಪಾಪ, ಅವರೂ ತಮ್ಮ ಹಾಳೆಯನ್ನು ಒಮ್ಮೆ ಮೆತ್ತಗೆ ತಟ್ಟಿದರು.

ಚಾಂದ್ರಮಾನ ಹೊಸ ವರ್ಷ ಬಂತು. ಇಲ್ಲಿ ಬಾಗಿಲಿಗೆ ಕೆಂಪು ಕಾಗದದ ಮೇಲೆ ಶುಭ ಮಾತು ಬರೆದು ಅಂಟಿಸುತ್ತಾರೆ. ನಾನು ‘ದಾ ಜೀ’ ಆರಿಸಿಕೊಂಡೆ. ದಾ ಅಂದರೆ ದೊಡ್ಡದು, ಜೀ ಅಂದರೆ ಶುಭ. ದಾ ಬರೆಯಲು ಮೂರೇ ಗೀಟು, ಚುಕ್ಕೆಯ ಕಾಟವೇ ಇಲ್ಲ. ಟ್ಯಾಬ್ಲೆಟ್ಟಿನಲ್ಲಿ ಬರೆದು, ಕೆಂಪು ಕಾಗದ ತಂದು, ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿ, ಬಾಗಿಲಿಗೆ ಅಂಟಿಸಿ ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ.

ಸಂಜೆ ಎದುರುಮನೆಯ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಪುಟ್ಟ ಕಂದು ನಾಯಿ. "ನಿಮಗೆ ನಾಯಿ ಇಷ್ಟ ಅಂತ ಗೊತ್ತೇ ಇರಲಿಲ್ಲ! ಮಗನ ಮನೆಗೆ ಕಾವ್‌ಶ್ಯುಂಗ್‌ಗೆ ಹೋಗಬೇಕು. ಮೂರು ದಿನ ಇಟ್ಟುಕೊಳ್ತೀರಾ?" ಬಾಗಿಲು ತೋರಿಸಿ ನಕ್ಕರು. ಆಮೇಲೆ ನಾನೂ ನೋಡಿದೆ. ದಾ ಅಕ್ಷರದ ಬಲಗಡೆ ಮೇಲೆ ಒಂದು ಚುಕ್ಕೆ. ಕಡತ ಉಳಿಸಲು ಮೂಲೆಯ ಬಟನ್ ಒತ್ತಲು ಹೋದಾಗ ಪೆನ್ನಿನ ತುದಿ ತಗುಲಿ ಜಾರಿರಬೇಕು. ‘ದೊಡ್ಡದು’ ಅಕ್ಷರದ ಮೇಲೆ ಅಲ್ಲಿ ಚುಕ್ಕೆ ಇಟ್ಟರೆ ‘ನಾಯಿ’ ಆಗುತ್ತದೆ. ಅದೇ ಚುಕ್ಕೆ ಕೆಳಗೆ ಕಾಲುಗಳ ನಡುವೆ ಬಿದ್ದಿದ್ದರೆ ‘ಬಹಳ’ ಆಗಿ ಹೇಗೋ ಸುಧಾರಿಸಬಹುದಿತ್ತು. ಅಂತೂ ನಮ್ಮ ಬಾಗಿಲು ನಾಯಿಗೆ ಶುಭ ಕೋರುತ್ತಿತ್ತು. ನಾಯಿ ಒಳಗೆ ಬಂದು ಸೋಫಾದ ಕಪ್ಪು ಕಲೆಯ ಮೇಲೇ ಮಲಗಿತು. ಕಲೆ ಪೂರ್ತಿ ಮುಚ್ಚಿತು, ಆ ಮಾತು ಬೇರೆ.

ರಜೆ ಮುಗಿದ ಮೇಲೆ ಕಾಗದ ಕಿತ್ತು ಗುರುಗಳಿಗೆ ತೋರಿಸಿದೆ. ತರಗತಿಗೆ ತರಗತಿಯೇ ನಕ್ಕಿತು. ಇಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರು. "ನಾಯಿ ವರ್ಷ ಬರುವುದು 2030ಕ್ಕೆ. ಬೇಗ ಅಂಟಿಸಿದ್ದೀಯಮ್ಮ" ಅಂದರು. ಆಮೇಲೆ ನಗು ನಿಲ್ಲಿಸಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು.

"ಈ ಚುಕ್ಕೆ ನೀನು ಬರೆದದ್ದಾ?"

"ಇಲ್ಲ ಲಾವ್‌ಷಿ, ಬಿದ್ದದ್ದು."

"ಹೀಗೇ ಬೀಳಬೇಕು" ಅಂದರು.

ವಾಂಗ್ ಶೀಚ 353ರಲ್ಲಿ ಗೆಳೆಯರ ಜೊತೆ ಹೊಳೆ ದಂಡೆಯಲ್ಲಿ ಕೂತು, ಮದ್ಯದ ಅಮಲಿನಲ್ಲಿ ತಮ್ಮ ಅತ್ಯಂತ ಪ್ರಸಿದ್ಧ ಬರಹ ಬರೆದರಂತೆ. ಅಮಲು ಇಳಿದ ಮೇಲೆ ಎಷ್ಟು ಸಲ ಬರೆದರೂ ಹಾಗೆ ಬರಲಿಲ್ಲವಂತೆ. ಅವರ ಪಕ್ಕದಲ್ಲಿ ನಾನು ನಿಲ್ಲುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ, ಆ ರಾತ್ರಿ ಬಟನ್ ಕಡೆ ಕೈ ಚಾಚಿ ಚಾಚಿ ನಾನೂ ನೂರು ಸಲ ಪ್ರಯತ್ನಿಸಿದೆ. ಬಂದದ್ದು ಜೀರಿಗೆ.

ಗುರುಗಳು ಆವತ್ತು ಕೆಂಪು ಮಸಿಯ ಕುಂಚ ಎತ್ತಿಕೊಂಡು ಆ ಚುಕ್ಕೆಗೆ ಸುತ್ತು ಹಾಕಿದರು. ಏಳು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಸುತ್ತು. ಕೆಂಪು ಕಾಗದ, ಕೆಂಪು ಮಸಿ. ದೀಪಕ್ಕೆ ಓರೆಯಾಗಿ ಹಿಡಿದರೆ ಸ್ವಲ್ಪ ಕಾಣುತ್ತದೆ.