ಮೇ ತಿಂಗಳ ಹಿತ್ತಲು, ಆಗಸ್ಟ್ ತಿಂಗಳ ಲಾನ್

ಆಗಸ್ಟ್ ಕೊನೆ ಬಂದರೆ ನನಗೆ ತೀರ್ಥಹಳ್ಳಿ ಕಡೆಯ ಮೇ ತಿಂಗಳು ನೆನಪಾಗುತ್ತದೆ. ಅಲ್ಲಿ ಬೇಸಿಗೆ ಮುಗಿದರೆ ಮಳೆ. ನಾನಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಬೇಸಿಗೆ ಮುಗಿದರೆ ಚಳಿ. ಮಣ್ಣಿನ ಕೆಲಸ ಜಾಸ್ತಿ ಇರುವುದು ಮಾತ್ರ ಎರಡೂ ಕಡೆ ಬೇಸಿಗೆ ಮುಗಿಯುವ ಹೊತ್ತಿಗೆ.

ಮೇ ತಿಂಗಳಲ್ಲಿ ಅಮ್ಮ ಸುಮ್ನೆ ಕೂತಿದ್ದನ್ನು ನಾನು ನೋಡಿಲ್ಲ. ಗೊಬ್ಬರ ಹಿತ್ತಲಿಗೆ ಹೊರಬೇಕು, ಬೇಲಿ ಕಟ್ಟಬೇಕು, ಸಗಣಿ ಜೊತೆ ಗೋಡೆಗೆ ಮೆತ್ತಿಟ್ಟ ಸೌತೆ ಬೀಜ ಬಿಡಿಸಿಕೊಳ್ಳಬೇಕು. ಮೊದಲ ಮಳೆಗೆ ನೆಲ ಹದವಾದ ಕೂಡಲೇ ಬೀಜ ಮಣ್ಣಿಗೆ. ಜಡಿಮಳೆ ಹಿಡಿದ ಮೇಲೆ ಹಾಕಿದರೆ ಕೊಳೆತು ಹೋಗುತ್ತದೆ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆ ಹದ ತಪ್ಪಿತು. ಏಪ್ರಿಲ್‌ನಲ್ಲಿ ಅಂಗಡಿ ತುಂಬ ಹುಲ್ಲಿನ ಬೀಜದ ಚೀಲಗಳು. ನಾನೂ ಆಗಲೇ ಬಿತ್ತಿದೆ. ಹುಲ್ಲು ಹುಟ್ಟಿತು, ಜುಲೈ ಬಿಸಿಲಿಗೆ ಒಣಗಿತು. ಖಾಲಿ ಬಿದ್ದ ಜಾಗವನ್ನೆಲ್ಲ ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಹಿಡಿಯಿತು. ಇಲ್ಲಿನ ಲಾನ್‌ಗಳಲ್ಲಿರುವ ಫೆಸ್ಕ್ಯೂ, ಬ್ಲೂಗ್ರಾಸ್ ತಂಪು ಕೇಳುವ ಹುಲ್ಲುಗಳು. ಅವನ್ನು ಬಿತ್ತಲು ಒಳ್ಳೆಯ ಕಾಲ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಣ್ಣಗಾಗುತ್ತಿರುತ್ತದೆ. ಕ್ರ್ಯಾಬ್‌ಗ್ರಾಸ್ ಹುಟ್ಟುವುದು ಏಪ್ರಿಲ್-ಮೇನಲ್ಲಿ, ಸಾಯುವುದು ಮೊದಲ ಇಬ್ಬನಿ ಹೆಪ್ಪುಗಟ್ಟಿದಾಗ. ಹಾಗಾಗಿ ಈಗ ಮೊಳೆತ ಹುಲ್ಲಿಗೆ ಅದರ ಕಾಟ ಕಡಿಮೆ. ನಾನು ಏರೇಟರ್ ಯಂತ್ರ ಬಾಡಿಗೆಗೆ ತಂದು, ಗಟ್ಟಿಯಾದ ನೆಲದಲ್ಲಿ ತೂತು ಮಾಡಿ, ಆಮೇಲೆ ಬಿತ್ತುತ್ತೇನೆ. ಫೆಸ್ಕ್ಯೂ ಒಂದೆರಡು ವಾರಕ್ಕೆ ಏಳುತ್ತದೆ. ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಮೇಲ್ಮಣ್ಣು ಒಣಗಬಾರದು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ದನ ಇಲ್ದೆ ಹುಲ್ಲು ಬೆಳ್ಸಿ ಯಾರಿಗೆ ಹಾಕ್ತೀಯ ಮಾರಾಯ?"

ಆ ಮಾತು ಮನಸ್ಸಲ್ಲಿ ಉಳಿಯಿತು. ಮಕ್ಕಳು ಆಡುವಷ್ಟು ಹುಲ್ಲು ಬೇಕು, ನಿಜ. ಆದರೆ ಯಾರೂ ಕಾಲಿಡದ ಜಾಗಕ್ಕೂ ನೀರು, ಗೊಬ್ಬರ, ಪೆಟ್ರೋಲ್ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಬಿಸಿಲು ಬೀಳುವ ಬದಿಯ ಹುಲ್ಲು ತೆಗೆದು ಹಿತ್ತಲು ಮಾಡಿದೆ. ಈಗ ಅಲ್ಲಿ ಮೆಂತ್ಯ, ಪಾಲಕ್, ಮೂಲಂಗಿ ಬಿತ್ತುವ ಹೊತ್ತು. ತಿಂಗಳೊಳಗೆ ಮೆಂತ್ಯ ಸೊಪ್ಪು ಸಿಗುತ್ತದೆ. ಟೊಮೆಟೊ ಗಿಡದ ಕುಡಿ ಚಿವುಟುತ್ತೇನೆ, ಈಗ ಬಿಟ್ಟ ಹೂವು ಚಳಿಯೊಳಗೆ ಹಣ್ಣಾಗುವುದು ಕಷ್ಟ. ಕರಿಬೇವಿನ ಕುಂಡದಲ್ಲಿ ಹುಳ ಇದೆಯಾ ಎಂದು ಎಲೆಯ ಅಡಿ ನೋಡಿ ತೊಳೆದಿಡುತ್ತೇನೆ. ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಅದು ಮನೆಯೊಳಗೆ ಬರಬೇಕು.

ಇಲ್ಲಿಯದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಲಾನ್ ಗೊಬ್ಬರ ಮಳೆ ನೀರಿನೊಂದಿಗೆ ಹರಿದು ಹೊಳೆ, ಕೊಲ್ಲಿಗಳನ್ನು ಕೆಡಿಸುತ್ತದೆಂದು ನ್ಯೂಜೆರ್ಸಿ 2011ರಲ್ಲಿ ಕಾನೂನನ್ನೇ ತಂದಿತು. ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಮನೆಯವರು ಲಾನ್‌ಗೆ ಗೊಬ್ಬರ ಹಾಕುವಂತಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಾಣದಿದ್ದರೆ ರಂಜಕ (ಫಾಸ್ಫರಸ್) ಇರುವ ಗೊಬ್ಬರವನ್ನೂ ಹಾಕುವಂತಿಲ್ಲ, ಹೊಸದಾಗಿ ಬಿತ್ತುವ ಜಾಗಕ್ಕೆ ವಿನಾಯಿತಿ ಇದೆ. ನಮ್ಮ ತೋಟಗಳ ಕೆಳಗೂ ತುಂಗೆ ಹರಿಯುತ್ತಾಳೆ. ಇಂಥ ಕಾಳಜಿ ನಮಗೂ ಬೇಕು, ಅಲ್ವಾ?

ಆದರೆ ಎಲೆಯ ವಿಷಯದಲ್ಲಿ ನಾನು ಊರಿನ ಕಡೆಗೇ. ಎಲೆ ಉದುರಿದಾಗ ಇಲ್ಲಿ ಎಷ್ಟೋ ಮಂದಿ ಅದನ್ನು ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡುತ್ತಾರೆ. ದರಗಿಗಾಗಿ, ಅಂದರೆ ಒಣಗಿ ಉದುರಿದ ಎಲೆಗಾಗಿ, ಸೊಪ್ಪಿನಬೆಟ್ಟ ಹತ್ತಿ, ಹಗ್ಗದ ಬಲೆಯಂಥ ಕಲ್ಲಿಯ ತುಂಬ ಹೊತ್ತು ತಂದು ಕೊಟ್ಟಿಗೆಗೆ ಹಾಸಿದವರ ಮನೆಯಲ್ಲಿ ಬೆಳೆದವನಿಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಈ ವಾರ ಹಿತ್ತಲ ಮೂಲೆಯಲ್ಲಿ ತಂತಿಬಲೆ ಸುತ್ತಿ ಗೊಬ್ಬರಕ್ಕೆ ಜಾಗ ಮಾಡಿದ್ದೇನೆ. ಪಕ್ಕದ ಮನೆಯವರ ಚೀಲಗಳನ್ನೂ ಈಗಲೇ ಕೇಳಿಟ್ಟಿದ್ದೇನೆ.