ಸ್ಪ್ಯಾನರ್ ಹಿಡಿಯುವ ಮೊದಲು ಟ್ಯಾಂಕ್ ಮುಚ್ಚಳ ನೋಡಿ

ದೋಣಿಯ ಹಿಂದೆ ಸಿಕ್ಕಿಸುವ ಪುಟ್ಟ ಔಟ್‌ಬೋರ್ಡ್ ಮೋಟರ್ ಕೆಟ್ಟಿತು ಅಂದ್ರೆ ಸಾಕು, ಎಂಜಿನ್ನೇ ಹೋಯ್ತು ಅಂತ ಕೈಚೆಲ್ಲಿ ಕೂರುವವರೇ ಜಾಸ್ತಿ. ನಾನೂ ಹಾಗೇ ಕೂತಿದ್ದೆ. ರಿಪೇರಿಯವರು ಒಂದು ಸಲ ಹಗ್ಗ ಎಳೆದು ನೋಡಿ, "ಕಾರ್ಬ್ಯುರೇಟರ್ ಪೂರ್ತಿ ಬದಲಾಯಿಸಬೇಕು" ಅಂದುಬಿಟ್ಟರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಮೇಲಿನ ಕವರ್ ಕೂಡ ತೆಗೆದಿರಲಿಲ್ಲ! ಆ ಸಿಟ್ಟಿಗೇ ನಾನು ಬಿಚ್ಚಲು ಕೂತಿದ್ದು.

ನನ್ನದು ಒಂದೇ ಸಿಲಿಂಡರಿನ ಹಳೇ ಟೂ ಸ್ಟ್ರೋಕ್. ಚೋಕ್ ಎಳೆದಿದ್ದರೆ ಓಡುತ್ತಿತ್ತು, ಒಳಗೆ ತಳ್ಳಿದರೆ ಸಾಯುತ್ತಿತ್ತು. ರೋಗ ಏನು ಅಂತ ಅದೇ ಬಾಯಿಬಿಟ್ಟು ಹೇಳುತ್ತಿತ್ತು ನೋಡಿ. ಚೋಕ್ ಗಾಳಿಯನ್ನು ತಡೆಯುತ್ತದೆ. ಗಾಳಿ ಕಡಿಮೆ ಮಾಡಿದಾಗ ಮಾತ್ರ ಓಡುತ್ತಿದೆ ಅಂದ್ರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ.

ಕಾರ್ಬ್ಯುರೇಟರ್ ಕೆಳಗಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಅಂಟಂಟು ಕಂದು ಜಿಡ್ಡು. ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಹಗುರವಾದ ಅಂಶ ಆವಿಯಾಗಿ ಹೋಗಿ ಹೀಗೆ ಅಂಟು ಉಳಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಆದರೆ ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ ತೆಗೆದು ಬೆಳಕಿಗೆ ಹಿಡಿದೆ. ಅದರ ನಡುವೆ ಕೂದಲೆಳೆಯಷ್ಟು ತೂತು ಇರಬೇಕು, ಏನೂ ಕಾಣಲಿಲ್ಲ. ಕರೆಂಟ್ ವೈರಿನಿಂದ ತಾಮ್ರದ ಒಂದೇ ಒಂದು ಎಳೆ ಬಿಡಿಸಿ ಮೆಲ್ಲಗೆ ಆಡಿಸಿದೆ. ಚುಕ್ಕಿಯಷ್ಟು ಬೆಳಕು ಕಂಡಿತು. ಅಷ್ಟೇ, ಇಡೀ ಮೋಟರನ್ನು ಮಲಗಿಸಿದ್ದು ಆ ತೂತಿನ ಜಿಡ್ಡು! ಸೂಜಿ ಮಾತ್ರ ಹಾಕಬೇಡಿ. ತೂತು ಒಂಚೂರು ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ.

ಜಂಬ ಕೊಚ್ಚುತ್ತಿದ್ದೇನೆ ಅಂದ್ಕೋಬೇಡಿ. ಇನ್ನೊಂದು ಸಲ ಮೋಟರ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು. ಪ್ಲಗ್ ಬದಲಾಯಿಸಿದೆ, ಪೈಪ್ ಬಿಚ್ಚಿದೆ, ಅರ್ಧ ದಿನ ಒದ್ದಾಡಿದೆ. ಕೊನೆಗೆ ನೋಡಿದರೆ ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ನಾನೇ ಬಿಗಿ ಮಾಡಿಟ್ಟಿದ್ದೆ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೇಗೆ ಇಳಿಯಬೇಕು? ಅಂದಿನಿಂದ ಮೊದಲು ಮುಚ್ಚಳ, ಆಮೇಲೆ ಪೈಪು, ಆಮೇಲೆ ಪ್ಲಗ್ಗಿನ ಕಿಡಿ. ಇವು ಮೂರೂ ಸರಿ ಇದ್ದರೆ ಮಾತ್ರ ಸ್ಪ್ಯಾನರ್ ಹಿಡಿಯುತ್ತೇನೆ.

ಕಾರ್ಬ್ಯುರೇಟರಿಗಿಂತ ನನಗೆ ಹೆದರಿಕೆ ಇಂಪೆಲರಿನದು. ಮೋಟರಿನ ನೀರಲ್ಲಿ ಮುಳುಗುವ ಕೆಳಗಿನ ಕಾಲಿನ ಒಳಗಿರುವ ಪುಟ್ಟ ರಬ್ಬರ್ ಚಕ್ರ ಅದು. ನೀರನ್ನು ಮೇಲಕ್ಕೆ ತಳ್ಳಿ ಎಂಜಿನ್ ತಣ್ಣಗಿಡುವುದು ಅದರ ಕೆಲಸ. "ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ನೀರಿಲ್ಲದೆ ಓಡಿಸಿದರೆ ಸ್ವಲ್ಪ ಹೊತ್ತಲ್ಲೇ ಸುಟ್ಟುಹೋಗುತ್ತದೆ. ನನ್ನದನ್ನು ಬಿಚ್ಚಿದಾಗ ಒಂದು ರೆಕ್ಕೆಯೇ ಇರಲಿಲ್ಲ. ಹೊಸದು ಹಾಕಿ ಮುಚ್ಚಿಬಿಡೋಣ ಅನ್ನಿಸಿತು. ಆದರೆ ಆ ತುಂಡು ಹೋದದ್ದೆಲ್ಲಿಗೆ? ಹುಡುಕಿದರೆ ಮೇಲಿನ ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡು ಕೂತಿತ್ತು. ಹಾಗೇ ಬಿಟ್ಟಿದ್ದರೆ ಹೊಸ ಇಂಪೆಲರ್ ಇದ್ದೂ ಎಂಜಿನ್ ಕಾದು ಹಿಡಿದುಕೊಳ್ಳುತ್ತಿತ್ತು.

ಎಲ್ಲವನ್ನೂ ನಾವೇ ಮಾಡಬೇಕು ಅನ್ನುವ ಹಟ ನನಗಿಲ್ಲ. ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ ಅಂತ. ಅದನ್ನು ಗೊತ್ತಿದ್ದವರ ಕೈಗೇ ಕೊಡುತ್ತೇನೆ. ಎಂಜಿನ್ ಅಚಾನಕ್ ಹೊತ್ತಿಕೊಳ್ಳದಿರಲಿ ಅಂತ, ಪ್ಲಗ್ಗಿನ ಕ್ಯಾಪ್ ಕೀಳದೆ ಪ್ರೊಪೆಲರ್ ಮುಟ್ಟುವುದೂ ಇಲ್ಲ. ಆದರೆ ಒಂದು ಜೆಟ್ ತೊಳೆಯಲು ಹೊಸ ಕಾರ್ಬ್ಯುರೇಟರ್ ಯಾಕೆ ಕೊಳ್ಳಬೇಕು, ಅಲ್ವಾ?

ಇಂಪೆಲರ್ ಹಾಕಿದ ದಿನ ಮೋಟರಿನ ಕಾಲನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ನ್ಯೂಟ್ರಲ್ಲಿಗೆ ಹಾಕಿ ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಹೊತ್ತಿಕೊಂಡಿತು. ಪಕ್ಕದ ಸಣ್ಣ ತೂತಿನಿಂದ ಮೊದಲು ಬರೀ ಗಾಳಿ, ಆಮೇಲೆ ಎರಡು ಹನಿ, ಆಮೇಲೆ ಸರ್ ಅಂತ ನೀರಿನ ಧಾರೆ. ಕೈ ಒಡ್ಡಿ ನೋಡಿದೆ. ಉಗುರುಬೆಚ್ಚಗಿತ್ತು.