ಹಾಸನದ ರೈಲು ನಿಲ್ದಾಣ ಊರ ನಡುವೆಯೇ ಇರಬೇಕಾ?

ಪರ: ಇಳಿದ ಕೂಡಲೇ ಊರು ಸಿಗಬೇಕು

ಹೋದ ಮಳೆಗಾಲದ ಒಂದು ಬೆಳಗಿನ ಜಾವ. ಮಂಗಳೂರು ಕಡೆಯಿಂದ ಬಂದ ಗಾಡಿಯಿಂದ ಒಬ್ಬ ಅಜ್ಜಿ ಇಳಿದರು. ಒಂದು ಕೈಯಲ್ಲಿ ಹಲಸಿನಹಣ್ಣಿನ ಚೀಲ, ಇನ್ನೊಂದರಲ್ಲಿ ಚಪ್ಪಲಿ. ಒದ್ದೆ ಪ್ಲಾಟ್‌ಫಾರ್ಮ್ ಜಾರುತ್ತೆ ಅಂತ ಬಿಚ್ಚಿಕೊಂಡಿದ್ದರು. ಹೊರಗೆ ಬಂದು, ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯ ಬದಿಯಲ್ಲಿ ಚಪ್ಪಲಿ ಮೆಟ್ಟಿ, ಟೀ ಕುಡಿದು, ನಡೆದೇ ಹೊರಟರು. ಮಗನಿಗೆ ಫೋನ್ ಮಾಡಿ ಎಬ್ಬಿಸುವ ಗೋಜೇ ಇರಲಿಲ್ಲ. ನಿಲ್ದಾಣ ಊರೊಳಗಿದ್ದರೆ ಸಿಗುವ ಸುಖ ಇದು.

ಹಾಸನದ ಮೇಲೆ ಹೋಗುವ ಮೈಸೂರು–ಅರಸೀಕೆರೆ ಹಳಿ, ಆಗ ಮೀಟರ್ ಗೇಜ್ ಅಂದರೆ ಕಿರಿದಾದದ್ದು, ಸಂಸ್ಥಾನದ ಕಾಲದ್ದು, 1910ರ ದಶಕದ ಕೊನೆಯದು. 1979ರಲ್ಲಿ ಮಂಗಳೂರಿನ ಹಳಿ ಬಂದು ಸೇರಿತು. 1996ರಲ್ಲಿ ಬ್ರಾಡ್ ಗೇಜ್, ಅಂದರೆ ಅಗಲದ ಹಳಿ ಮಾಡಲು ಆ ಮಂಗಳೂರಿನ ಹಳಿಯನ್ನು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ! ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಹಳಿ ಸಿಕ್ಕಿದ್ದಂತೂ 2017ರಲ್ಲಿ. ಇಷ್ಟೆಲ್ಲ ಕಾದು ಪಡೆದ ರೈಲನ್ನು ಈಗ ಊರಾಚೆ ಕಳಿಸಬೇಕಾ?

ಪಕ್ಕದ ಚಿಕ್ಕಮಗಳೂರನ್ನೇ ನೋಡಿ. ಕಡೂರಿನಿಂದ ಅಲ್ಲಿಗೆ ರೈಲು ಬಂದದ್ದು 2013ರಲ್ಲಿ. ನಿಲ್ದಾಣ ಊರ ಅಂಚಿಗೆ. ಕಡೂರಿನಿಂದ ಪ್ಯಾಸೆಂಜರ್‌ನಲ್ಲಿ ಬಂದು ಇಳಿದ ನನಗೆ ಟಿಕೆಟ್‌ಗಿಂತ ಆಟೋ ಬಾಡಿಗೆಯೇ ಜಾಸ್ತಿಯಾಗಿತ್ತು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಬರುವ ಜನವೆಲ್ಲ ಊರಾಚೆ ಇಳಿದು ಆಟೋ ಹುಡುಕುವಂತಾದರೆ ಹೇಗಿರುತ್ತೆ, ನೀವೇ ಹೇಳಿ.

ವಿರೋಧ: ಆ ಊರು ಈಗ ಇಲ್ಲ

ಅಜ್ಜಿಯ ಕಥೆ ಚೆನ್ನಾಗಿದೆ. ಆದರೆ ಅದೇ ಹೊತ್ತಲ್ಲಿ ಹಳಿಯ ಆಚೆ ಬದಿ ಗೇಟ್ ಮುಂದೆ ನಿಂತವರನ್ನೂ ನೋಡಬೇಕು, ಅಲ್ವಾ?

ಒಂದು ದಿನ ನಾನು ಬೈಕ್ ಆಫ್ ಮಾಡಿ ಸುಮ್ನೆ ವ್ಯಾಗನ್ ಎಣಿಸಿದೆ. 58. ಅದಿರಿನ ಕೆಂಪು ಧೂಳು ಹಿಡಿದ ಗಾಡಿ, ಅವಸರವೇ ಇಲ್ಲದೆ ಮಂಗಳೂರು ಕಡೆ ಹೊರಟಿತ್ತು. ನನ್ನ ಪಕ್ಕದಲ್ಲಿ ಸ್ಕೂಲ್ ವ್ಯಾನ್, ಅದರ ಹಿಂದೆ ಆಂಬುಲೆನ್ಸ್. ಡ್ರೈವರ್ ಮೊದಲು ಸೈರನ್ ಹಾಕಿದ, ಆಮೇಲೆ ಅದನ್ನೂ ನಿಲ್ಲಿಸಿದ. ಯಾರಿಗೆ ಕೇಳಿಸಬೇಕು? ಗೇಟ್ ಎದ್ದ ಮೇಲೆ ಎರಡೂ ಕಡೆಯವರು ಒಟ್ಟಿಗೆ ನುಗ್ಗಿ ಇನ್ನಷ್ಟು ಹೊತ್ತು ಹೋಯಿತು.

ಹಳಿ ಹಾಕಿದಾಗ ಹಾಸನ ಸಣ್ಣ ಊರು. ಆಗ ಎರಡು ದಿಕ್ಕಿನ ಹಳಿ ಸಾಕಿತ್ತು. ಈಗ ಮೈಸೂರು, ಅರಸೀಕೆರೆ, ಮಂಗಳೂರು, ಬೆಂಗಳೂರು ಅಂತ ನಾಲ್ಕು ದಿಕ್ಕು. ಸುತ್ತ ಮನೆ, ಅಂಗಡಿ. ಇನ್ನೊಂದು ಪ್ಲಾಟ್‌ಫಾರ್ಮ್ ಹಾಕೋಣ ಅಂದರೆ ಯಾರ ಗೋಡೆ ಒಡೆಯುತ್ತೀರಿ?

ಮೇಲ್ಸೇತುವೆ ಕಟ್ಟಿದರಾಯ್ತು ಅನ್ನುತ್ತಾರೆ. ಸೇತುವೆಯಿಂದ ಒಂದು ಗೇಟಿನ ಕಾಟ ತಪ್ಪಬಹುದು, ಊರನ್ನು ಸೀಳಿದ ಹಳಿ ಅಲ್ಲೇ ಇರುತ್ತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಟ್ಟದಲ್ಲಿ 57 ಸುರಂಗ ಕೊರೆದಿದ್ದಾರೆ. ಹಾಸನದ ಬಯಲಲ್ಲಿ ಊರು ಬಳಸಿ ಹಳಿ ಹಾಕೋದು ಅದಕ್ಕಿಂತ ಕಷ್ಟವಾ?

ಚಿಕ್ಕಮಗಳೂರಿನ ಆಟೋ ಬಾಡಿಗೆ ವಿಷಯ ಒಪ್ಪುತ್ತೇನೆ. ಆದರೆ ಅದು ರೈಲಿನ ಹೊತ್ತಿಗೆ ಸಿಟಿ ಬಸ್ ಬಿಟ್ಟರೆ ಮುಗಿಯುವ ಸಮಸ್ಯೆ. ಅಜ್ಜಿ ಹಲಸಿನಹಣ್ಣಿನ ಸಮೇತ ಆ ಬಸ್ಸಲ್ಲೇ ಕೂತು ಬರಲಿ.